ನಿರ್ವಾತನಳಿಕೆಗಳ ನಾಮಸಂಪ್ರದಾಯವೂ ಪ್ರತಿನಿಧಿವಿಚಾರವೂ

ಕ್ರಿಸ್ತಶಕ ೧೯೪೭ರಿಂದ ಮುಂದೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಇಂಗ್ಲೆಂಡು ಅಮೆರಿಕಾ ದೇಶಗಳಲ್ಲಿ ತಯಾರಾದ ಉತ್ತಮ ಧ್ವನಿವರ್ಧಕಯಂತ್ರಗಳು, ಎಂದರೆ ಲೋಕದಲ್ಲಿ 'ಹೈ-ಫೈ ಆಂಪ್ಲಿಫೈಯರು' ಎಂದು ಪ್ರಸಿದ್ಧವಾಗಿರುವಂಥವು, ಇಂದಿಗೂ ಅನೇಕ ಸಂಗೀತರಸಿಕರ ಮನೆಗಳಲ್ಲಿ ಬಳಕೆಯಲ್ಲಿರುವುವು. ಇವುಗಳ ತಗಡಿನ ಪೀಠ, ಟ್ರಾನ್ಸ್‌ಫಾರ್ಮರು ಮೊದಲಾದ ಅಂಗಗಳು ಎಪ್ಪತ್ತು ವರ್ಷ ಕಳೆದರೂ ಕೆಡದೆ ನಿಲ್ಲಬಲ್ಲುವು. ಆದರೆ ಇವುಗಳ ಪ್ರಾಣದಂತಿರುವ ನಿರ್ವಾತನಳಿಕೆಗಳು, ಅಂಗಡಿಯ ಮಾತಿನಲ್ಲಿ 'ವಾಲ್ವು'ಗಳು, ದೀಪದ ಬತ್ತಿಯಂತೆ ಉರಿದುರಿದು ಸವೆಯತಕ್ಕವು. ಸವೆದುದನ್ನು ತೆಗೆದು ಬೇರೊಂದನ್ನು ಇಡಬೇಕಾದಾಗ ಯಾವುದನ್ನು ಇಡತಕ್ಕುದು? ಯಂತ್ರದ ಮೇಲೆ ಬರೆದಿರುವ ಹೆಸರಿನ ನಳಿಕೆಯನ್ನು ಮಾಡಿದ ಕಾರ್ಖಾನೆ ಈಗ ಇಲ್ಲ. ಅದೇ ಹೆಸರನ್ನು ಹೊತ್ತ ನಳಿಕೆಗಳು ಮೂರು ದೇಶಗಳಿಂದ ಬರುತ್ತಿರುವುವು. ಬೇರೆ ಹೆಸರಿನವು ಕೆಲವು 'ಅದೇ ಇದು' ಎಂಬ ಖ್ಯಾತಿಯನ್ನು ಪಡೆದಿರುವುವು. ಹೆಸರು ಒಂದಾದರೆ ವಸ್ತುವೂ ಒಂದೆಯೇ? ಹೆಸರು ಬೇರೆಯಾದರೆ ವಸ್ತುವೂ ಬೇರೆಯೇ? ಶಬ್ದಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಇಲ್ಲಿ ಉತ್ತರ ತಪ್ಪಿದರೆ ಬರಿಯ ವಾದಭಂಗವಲ್ಲ. ಇನ್ನು ಯಾರೂ ಸುತ್ತಿಕೊಡಲಾರದ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುವುದು. ಆದಕಾರಣ ಈ ಹೆಸರುಗಳ ಚರಿತ್ರೆಯನ್ನು ಮೊದಲಿಂದ ಪರಿಶೀಲಿಸುವುದು ಯುಕ್ತವಾಗಿದೆ.

ಕಾದ ತಂತಿಯಿಂದ ಶೂನ್ಯಪ್ರದೇಶದ ಮೂಲಕ ವಿದ್ಯುತ್ತು ಹರಿಯುವುದೆಂಬುದನ್ನು ಎಡಿಸನ್ನನು ೧೮೮೩ರಲ್ಲಿ ತನ್ನ ದೀಪದ ಬುರುಡೆಗಳಲ್ಲಿ ಗಮನಿಸಿದನು. ಅದರ ಪ್ರಯೋಜನವನ್ನು ಆತನು ಮುಂದುವರಿಸಲಿಲ್ಲ. ೧೯೦೪ರಲ್ಲಿ ಲಂಡನ್ನಿನ ಜಾನ್ ಆಂಬ್ರೋಸ್ ಫ್ಲೆಮಿಂಗನು ಇದೇ ತತ್ತ್ವದ ಮೇಲೆ ಎರಡು ಅಂಗಗಳ ನಳಿಕೆಯನ್ನು ರಚಿಸಿದನು. ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ತಡೆಯುವುದಾದುದರಿಂದ ಅದಕ್ಕೆ 'ವಾಲ್ವ್', ಎಂದರೆ ತೂಬಿನ ಬಾಗಿಲು, ಎಂಬ ಹೆಸರಾಯಿತು. ಇಂಗ್ಲಿಷರ ಈ ಮಾತೇ ಭಾರತಕ್ಕೂ ಬಂದಿತು. ೧೯೦೬ರಲ್ಲಿ ಅಮೆರಿಕಾದ ಲೀ ಡಿ ಫಾರೆಸ್ಟನು 'ಆಡಿಯಾನ್' ಎಂಬುದನ್ನು ರಚಿಸಿ, ಕೆಲಕಾಲದಲ್ಲಿಯೇ ಎರಡು ಅಂಗಗಳ ನಡುವೆ ಗ್ರಿಡ್ಡು ಎಂಬ ಜಾಲರಿಯನ್ನಿಟ್ಟನು. ಜಾಲರಿಯ ಮೇಲಿನ ಅಲ್ಪವಾದ ವಿದ್ಯುದ್ಭೇದವು ದೊಡ್ಡ ಪ್ರವಾಹವನ್ನು ಆಳುವುದು; ಧ್ವನಿವರ್ಧನದ ರಹಸ್ಯವೆಲ್ಲ ಇಷ್ಟೇ. ಅಂಗಗಳ ಸಂಖ್ಯೆಯನ್ನನುಸರಿಸಿ ಡಯೋಡು, ಟ್ರಯೋಡು, ಟೆಟ್ರೋಡು, ಪೆಂಟೋಡು ಎಂಬ ಗ್ರೀಕ್ ಮೂಲದ ಹೆಸರುಗಳು ಬಳಕೆಗೆ ಬಂದುವು. ದ್ವ್ಯಣುಕ ತ್ರ್ಯಣುಕಗಳಂತೆ ಇವು ಅರ್ಥವನ್ನು ತಾವೇ ಹೇಳುವುವು.

ಕಾರ್ಖಾನೆಗಳು ಬೆಳೆದಂತೆ ಜಾತಿವಾಚಕಗಳು ಸಾಲದೆ ವ್ಯಕ್ತಿವಾಚಕಗಳು ಬೇಕಾದುವು. ಮೊದಮೊದಲು ಒಂದೊಂದು ಕಂಪನಿಯೂ ತನಗೆ ತೋರಿದಂತೆ ಹೆಸರಿಡುತ್ತಿದ್ದಿತು. ೧೯೩೪ರಲ್ಲಿ ಹಾಲೆಂಡಿನ ಫಿಲಿಪ್ಸ್, ಅದರ ಇಂಗ್ಲೆಂಡಿನ ಶಾಖೆಯಾದ ಮುಲ್ಲಾರ್ಡ್ ಮೊದಲಾದ ಯೂರೋಪಿನ ಸಂಸ್ಥೆಗಳು ಒಂದು ಕ್ರಮವನ್ನು ಹಿಡಿದುವು. ಇದರ ರಚನೆ ಬಹು ಸೊಗಸಾದುದು. ಮೊದಲನೆಯ ಅಕ್ಷರವು ನಳಿಕೆಯೊಳಗಿನ ಹೀಟರಿಗೆ ಬೇಕಾದ ವಿದ್ಯುತ್ತನ್ನು ಹೇಳುವುದು: 'ಎ' ಎಂದರೆ ೪ ವೋಲ್ಟು, 'ಇ' ಎಂದರೆ ೬.೩ ವೋಲ್ಟು, 'ಜಿ' ಎಂದರೆ ೫ ವೋಲ್ಟು. 'ಪಿ' ಎಂದರೆ ವೋಲ್ಟಲ್ಲ, ೩೦೦ ಮಿಲಿ ಆಂಪಿಯರು. ಮುಂದಿನ ಅಕ್ಷರಗಳು ಜಾತಿಯನ್ನು ಹೇಳುವುವು: 'ಸಿ' ಟ್ರಯೋಡು, 'ಎಫ್' ಸಣ್ಣ ಪೆಂಟೋಡು, 'ಎಲ್' ಬಲವಾದ ಪೆಂಟೋಡು, 'ಝಡ್' ಎರಡು ಪಕ್ಕದ ರೆಕ್ಟಿಫೈಯರು. ಒಂದೇ ಬುರುಡೆಯಲ್ಲಿ ಎರಡು ಟ್ರಯೋಡುಗಳಿದ್ದರೆ 'ಸಿ'ಗೆ ದ್ವಿರುಕ್ತಿ. ಅಂಕೆಗಳಲ್ಲಿ ಮೊದಲನೆಯದು ಪೀಠವನ್ನು ಸೂಚಿಸುವುದು: ೩ ಇದ್ದರೆ ಎಂಟು ಪಿನ್ನಿನ ಆಕ್ಟಲ್ ಪೀಠ, ೮ ಇದ್ದರೆ ಒಂಬತ್ತು ಪಿನ್ನಿನ ನೋವಲ್ ಪೀಠ. ಕೊನೆಯದು ಕ್ರಮಸಂಖ್ಯೆ. ಹೀಗೆ ಇ. ಎಲ್. ೩೪ ಎಂದೊಡನೆ ೬.೩ ವೋಲ್ಟಿನ ಹೀಟರುಳ್ಳ, ಬಲವಾದ, ಆಕ್ಟಲ್ ಪೀಠದ ಪೆಂಟೋಡೆಂದೂ, ಇ. ಸಿ. ಸಿ. ೮೩ ಎಂದೊಡನೆ ಅದೇ ಹೀಟರಿನ ಜೋಡಿ ಟ್ರಯೋಡು, ನೋವಲ್ ಪೀಠದ್ದೆಂದೂ ತಿಳಿಯುವುದು. ಕಟಪಯಾದಿಯಲ್ಲಿ ಅಕ್ಷರದಿಂದ ಸಂಖ್ಯೆಯನ್ನು ತೆಗೆಯುವವರಿಗೆ ಇದನ್ನು ಕಲಿಯಲು ಅರ್ಧ ಗಳಿಗೆ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ. ಅಂಕೆಯನ್ನು ಮೊದಲಕ್ಷರದ ಬಳಿಕ ಸರಿಸಿ ಇ. ಸಿ. ಸಿ. ೮೮ ಎಂಬುದನ್ನು ಇ. ೮೮ ಸಿ. ಸಿ. ಎಂದು ಬರೆದರೆ, ಅದೇ ನಳಿಕೆಯ ವಿಶೇಷಗುಣವುಳ್ಳ ರೂಪವೆಂದರ್ಥ. ವರ್ಣಗಳು ಅವೇ, ಆನುಪೂರ್ವಿಯೊಂದೇ ಅರ್ಥವನ್ನು ಬದಲಾಯಿಸುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ವಿರಳ.

ಅಮೆರಿಕಾದವರ ಕ್ರಮ ಬೇರೆ. ಅವರ ಮೊದಲಂಕೆಯು ಹೀಟರಿನ ವೋಲ್ಟು, ಕೊನೆಯಂಕೆಯು ಉಪಯುಕ್ತ ಅಂಗಗಳ ಸಂಖ್ಯೆ; ನಡುವಿನ ಅಕ್ಷರಗಳಿಗೆ ಅರ್ಥವಿಲ್ಲ, ಸರದಿಯಂತೆ ಬಂದುವು. ೧೯೩೬ರ ೬ ಎಲ್ ೬, ೧೯೪೭ರಲ್ಲಿ ಮಾರುಕಟ್ಟೆಗೆ ಬಂದ ೧೨ ಎ ಎಕ್ಸ್ ೭ ಈ ಕ್ರಮದವು. ಇ. ಸಿ. ಸಿ. ೮೩ ಎಂಬುದೂ ೧೨ ಎ ಎಕ್ಸ್ ೭ ಎಂಬುದೂ ಒಂದೇ ನಳಿಕೆ. ಒಬ್ಬರು ೬.೩ ಎಂದೂ ಇನ್ನೊಬ್ಬರು ೧೨ ಎಂದೂ ಹೇಳುವುದೇತಕ್ಕೆಂದರೆ, ಇದರ ಹೀಟರನ್ನು ಎರಡು ತುಂಡು ಮಾಡಿ ನಡುವಿನಿಂದ ಒಂದು ಪಿನ್ನನ್ನು ಹೊರತಂದಿರುವರು. ತುಂಡುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ೧೨.೬ ವೋಲ್ಟು, ಪಕ್ಕಪಕ್ಕದಲ್ಲಿ ಜೋಡಿಸಿದರೆ ೬.೩ ವೋಲ್ಟು. ಕೊನೆಯಲ್ಲಿ ಬರುವ 'ಜಿ', 'ಜಿ. ಟಿ.', 'ಎ', 'ಬಿ', 'ಸಿ' ಎಂಬ ಪ್ರತ್ಯಯಗಳು ಗಾಜಿನ ಆಕಾರವನ್ನೂ ಸುಧಾರಣೆಯನ್ನೂ ಹೇಳುವುವು. ಹೊಸ ಪ್ರತ್ಯಯದ್ದು ಹಳೆಯದರ ಸ್ಥಾನದಲ್ಲಿ ನಿಲ್ಲಬಹುದು, ಹಳೆಯದು ಹೊಸದರ ಸ್ಥಾನದಲ್ಲಿ ನಿಲ್ಲಲಾಗದು: ಲೋಹದ ಕವಚದ ಮೊದಲ ೬ ಎಲ್ ೬ ಆನೋಡಿನಲ್ಲಿ ತಾಳಬಲ್ಲುದು ೧೯ ವ್ಯಾಟು, ೬ ಎಲ್ ೬ ಜಿ. ಸಿ. ತಾಳಬಲ್ಲುದು ೩೦ ವ್ಯಾಟು. ಇದಲ್ಲದೆ ಅಮೆರಿಕಾದಲ್ಲಿಯೇ ೫೮೮೧, ೬೫೫೦, ೭೧೯೯ ಎಂಬ ನಾಲ್ಕಂಕೆಯ ಹೆಸರುಗಳೂ ಹುಟ್ಟಿದುವು. ಇವುಗಳಲ್ಲಿ ಅವಯವಾರ್ಥವೇ ಇಲ್ಲ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಯೂರೋಪಿನ ಹೆಸರುಗಳು ಯೌಗಿಕಗಳು, ೧೨ ಎ ಎಕ್ಸ್ ೭ ಎಂಬಂಥವು ಯೋಗರೂಢಗಳು, ೫೮೮೧ ಎಂಬುದು ಕೇವಲ ರೂಢ. ಬ್ರಿಟಿಷ್ ಸೈನ್ಯದ 'ಸಿ. ವಿ.' ಸಂಖ್ಯೆಗಳೂ ರೂಢಗಳೇ: ಇ. ಸಿ. ಸಿ. ೮೩ಕ್ಕೆ ಸಿ. ವಿ. ೪೯೨ ಎಂದೂ, ಅದರ ದೃಢತರವಾದ ರೂಪಕ್ಕೆ ಸಿ. ವಿ. ೪೦೦೪ ಎಂದೂ ಹೆಸರು.

ಈ ಸಂಜ್ಞಾಪ್ರಪಂಚದಲ್ಲಿ 'ಕೆ. ಟಿ.' ಎಂಬ ಕುಲವು ಪ್ರತ್ಯೇಕವಾಗಿ ನಿಲ್ಲುವುದು. ಅದರ ಹಿಂದೆ ಒಂದು ಹಕ್ಕಿನ ವ್ಯಾಜ್ಯದ ನೆರಳಿದೆ. ನಾಲ್ಕಂಗಗಳ ಟೆಟ್ರೋಡಿನಲ್ಲಿ ಆನೋಡಿಗೆ ಬಡಿದ ಕಣಗಳು ಬೇರೆ ಕಣಗಳನ್ನು ಚಿಮ್ಮಿಸಿ ಹಿಂದಿರುಗಿಸುವುದರಿಂದ ಪ್ರವಾಹದ ರೇಖೆಯಲ್ಲಿ ಒಂದು ಸೊಟ್ಟು ಬೀಳುವುದು. ಇದನ್ನು ಸರಿಪಡಿಸಲು ಫಿಲಿಪ್ಸಿನ ಟೆಲ್ಲೆಗೆನ್ನನು ೧೯೨೬ರಲ್ಲಿ ಐದನೆಯ ಅಂಗವಾಗಿ ಮತ್ತೊಂದು ಜಾಲರಿಯನ್ನು ಸೇರಿಸಿದನು, ಅದೇ ಪೆಂಟೋಡು. ಅದರ ಹಕ್ಕು ಫಿಲಿಪ್ಸಿಗೆ ಸೇರಿದುದಾದುದರಿಂದ, ಇಂಗ್ಲೆಂಡಿನ ಇ. ಎಂ. ಐ. ಸಂಸ್ಥೆಯ ಬುಲ್, ರೋಡ್ಡಾ ಎಂಬ ಇಬ್ಬರು ಐದನೆಯ ಜಾಲರಿಯಿಲ್ಲದೆಯೇ ಕಣಗಳನ್ನು ಪಟ್ಟೆಪಟ್ಟೆಯಾಗಿ ಒಟ್ಟುಗೂಡಿಸಿ ಸೊಟ್ಟನ್ನು ನೀಗಿಸುವ ಉಪಾಯವನ್ನು ೧೯೩೩ರ ಸುಮಾರಿಗೆ ಕಂಡುಹಿಡಿದರು. ಇದರ ಫಲವೇ ಅಮೆರಿಕಾದ ೬ ಎಲ್ ೬. ಇಂಗ್ಲೆಂಡಿನಲ್ಲಿ ಮಾರ್ಕೋನಿ-ಆಸ್ರಮ್ ಕಂಪನಿಯ ೧೯೩೭ರ ಕೆ. ಟಿ. ೬೬. 'ಕಿಂಕ್‌ಲೆಸ್ ಟೆಟ್ರೋಡ್', ಎಂದರೆ ಸೊಟ್ಟಿಲ್ಲದ ಟೆಟ್ರೋಡು, ಎಂಬುದರ ಆದ್ಯಕ್ಷರಗಳೇ 'ಕೆ. ಟಿ.' ಹೀಗೆ ಒಂದೇ ಕೆಲಸಕ್ಕೆ ಎರಡು ಕುಲಗಳಾದುವು: ಇ. ಎಲ್. ೩೪, ಇ. ಎಲ್. ೮೪ ಮೊದಲಾದ ನಿಜವಾದ ಪೆಂಟೋಡುಗಳು ಒಂದು. ೬ ಎಲ್ ೬, ಕೆ. ಟಿ. ೬೬, ೬೫೫೦, ಕೆ. ಟಿ. ೮೮ ಎಂಬ ಪಟ್ಟೆಯ ಟೆಟ್ರೋಡುಗಳು ಇನ್ನೊಂದು. ಈ ಕುಲಭೇದವನ್ನು ಮರೆತುದರಿಂದಲೇ ಮುಂದೆ ಹೇಳುವ ತೊಡಕುಗಳಲ್ಲಿ ಅರ್ಧ ಹುಟ್ಟಿರುವುವು.

೧೯೪೭ರ ಏಪ್ರಿಲ್ ಮೇ ತಿಂಗಳುಗಳ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ನನು ಎರಡು ಕೆ. ಟಿ. ೬೬ ನಳಿಕೆಗಳುಳ್ಳ ಆಂಪ್ಲಿಫೈಯರಿನ ವಿವರವನ್ನು ಪ್ರಕಟಿಸಿದನು. ಲೋಕಪ್ರಸಿದ್ಧವಾದ ಆ ರಚನೆಯು ಅಮೆರಿಕಾವನ್ನು ಮುಟ್ಟಿದಾಗ ಅಲ್ಲಿ ಕೆ. ಟಿ. ೬೬ ಸುಲಭವಾಗಿ ದೊರೆಯಲಿಲ್ಲ. ೧೯೪೯ರ ನವೆಂಬರಿನಲ್ಲಿ ಸಾರ್ಸರ್, ಸ್ಪ್ರಿಂಕಲ್ ಎಂಬವರು ಅದೇ ರಚನೆಯನ್ನು ೮೦೭ ಎಂಬ, ಪ್ರಸಾರಯಂತ್ರಗಳಿಗೆಂದು ಮಾಡಿದ, ೬ ಎಲ್ ೬ರ ದಾಯಾದಿಯಿಂದ ಕಟ್ಟಿ ತೋರಿಸಿದರು. ಪ್ರತಿನಿಧಿಯನ್ನು ಹುಡುಕುವ ಕಷ್ಟವು ಈಗಿನ ಕಾಲದ ದಾರಿದ್ರ್ಯದಿಂದ ಬಂದುದೆಂದು ಹಲವರು ಭಾವಿಸಿರುವರು. ಮೂಲರಚನೆ ಪ್ರಕಟವಾದ ಎರಡೇ ವರ್ಷದಲ್ಲಿ ಅದು ಆರಂಭವಾಗಿದ್ದಿತೆಂಬುದನ್ನು ಇಲ್ಲಿ ಗಮನಿಸತಕ್ಕುದು. ೧೯೫೩ರ ಕ್ವಾಡ್ ೨ರಲ್ಲಿ ಮತ್ತೆ ಕೆ. ಟಿ. ೬೬; ಮುಲ್ಲಾರ್ಡಿನವರು ತಾವೇ ಪ್ರಕಟಿಸಿದ ೫-೧೦, ೫-೨೦ ಎಂಬ ರಚನೆಗಳಲ್ಲಿ ಕ್ರಮವಾಗಿ ಇ. ಎಲ್. ೮೪, ಇ. ಎಲ್. ೩೪, ೧೯೫೯ರಲ್ಲಿ ಅಮೆರಿಕಾದ ಡೈನಾಕೋ ಕಂಪನಿಯ ಸ್ಟೀರಿಯೋ ೭೦ರಲ್ಲಿ ನಾಲ್ಕು ಇ. ಎಲ್. ೩೪, ಎರಡು ೭೧೯೯, ಒಂದು ಜಿ. ಝಡ್. ೩೪.

ಈಗ ಪ್ರತಿನಿಧಿವಿಚಾರ. ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಯಾಗಕ್ಕೆ ಹೇಳಿದ ದ್ರವ್ಯವು ದೊರೆಯದಿದ್ದರೆ ಅಥವಾ ಕೆಟ್ಟರೆ ಏನು ಮಾಡತಕ್ಕುದೆಂಬುದನ್ನು ವಿಸ್ತಾರವಾಗಿ ವಿಮರ್ಶಿಸಿರುವರು. ಅಲ್ಲಿನ ನಿರ್ಣಯಗಳಲ್ಲಿ ಮೂರು ಇಲ್ಲಿಗೆ ಅನ್ವಯಿಸುವುವು. ಭತ್ತವಿಲ್ಲದಿದ್ದರೆ ಅದಕ್ಕೆ ಅತ್ಯಂತ ಸದೃಶವಾದ ನೀವಾರವನ್ನು ತೆಗೆದುಕೊಳ್ಳಬೇಕು, ಕೈಗೆ ಸಿಕ್ಕಿದುದನ್ನಲ್ಲ. ಸದೃಶವಾಗಿದ್ದರೂ ನಿಷಿದ್ಧವಾದುದು ಪ್ರತಿನಿಧಿಯಾಗಲಾರದು. ಹೆಸರಿನ ಬದಲು ಉದ್ದು ಬಾರದು. ಪ್ರತಿನಿಧಿಯೂ ಕೆಟ್ಟರೆ ಮೂಲಕ್ಕೆ ಸದೃಶವಾದುದನ್ನೇ ಮತ್ತೆ ಹುಡುಕಬೇಕಲ್ಲದೆ ಪ್ರತಿನಿಧಿಗೆ ಸದೃಶವಾದುದನ್ನಲ್ಲ. ವಾಲ್ವುಗಳ 'ಸಮಾನಪಟ್ಟಿ'ಗಳನ್ನು ಬರೆದವರು ಈ ಮೂರನೆಯದನ್ನು ತಿಳಿದಿದ್ದರೆ ಎಷ್ಟೋ ಅನರ್ಥ ತಪ್ಪುತ್ತಿದ್ದಿತು. 'ಅ'ದ ಬದಲು 'ಆ' ಬರಬಹುದು, 'ಆ'ದ ಬದಲು 'ಇ' ಬರಬಹುದು, ಆದುದರಿಂದ 'ಅ'ದ ಬದಲು 'ಇ' ಎಂದು ಸರಪಣಿ ಹೆಣೆದಿರುವರು. ಒಂದೊಂದು ಕೊಂಡಿಯಲ್ಲಿ ಸ್ವಲ್ಪಸ್ವಲ್ಪವಾಗಿ ಕಳೆದುಹೋದುದನ್ನು ಕೊನೆಯಲ್ಲಿ ಯಾರೂ ಲೆಕ್ಕ ಹಾಕಿಲ್ಲ.

ಸಾದೃಶ್ಯವೆಂದರೆ ಯಾವುದರಲ್ಲಿ? ಆಕಾರದಲ್ಲಿ ಎಂದು ತಿಳಿಯುವುದು ಮೊದಲನೆಯ ಭ್ರಾಂತಿ. ಇ. ಸಿ. ಸಿ. ೮೧, ೮೨, ೮೩ ಇವು ಮೂರಕ್ಕೂ ಆಕಾರ ಒಂದೇ, ಪಿನ್ನುಗಳ ಕ್ರಮ ಒಂದೇ, ಹೀಟರು ಒಂದೇ. ಒಂದರ ಗೂಡಿನಲ್ಲಿ ಇನ್ನೊಂದನ್ನಿಟ್ಟರೆ ಏನೂ ಸುಡುವುದಿಲ್ಲ, ಸಂಗೀತವೂ ಕೇಳಿಸುವುದು. ಆದರೆ ಮೊದಲನೆಯದರ ವರ್ಧನಾಂಕ ೬೦, ಎರಡನೆಯದರದು ಸುಮಾರು ೧೭, ಮೂರನೆಯದರದು ೧೦೦. ಹೊರಬರುವ ಧ್ವನಿಯ ಒಂದಂಶವನ್ನು ಹಿಂದಕ್ಕೆ ತಂದು ದೋಷವನ್ನು ತಿದ್ದಿಕೊಳ್ಳುವಂತೆ ರಚಿಸಿದ ಯಂತ್ರದಲ್ಲಿ, ೮೩ರ ಬದಲು ೮೨ನ್ನಿಟ್ಟರೆ ತಿದ್ದುವುದಕ್ಕೆ ಬೇಕಾದ ಮಿಗಿಲು ವರ್ಧನವೇ ಉಳಿಯುವುದಿಲ್ಲ. ಇದರ ವಿಪರ್ಯಾಸವೂ ಉಂಟು. ರಷ್ಯಾದೇಶದ ೬ ಎನ್ ೨ ಪಿ ಎಂಬುದರ ವರ್ಧನಾಂಕ ಸುಮಾರು ೯೭, ಗುಣದಲ್ಲಿ ಇ. ಸಿ. ಸಿ. ೮೩ಕ್ಕೆ ಇದು ಬಹು ಹತ್ತಿರ, ಪೀಠವೂ ಒಂಬತ್ತು ಪಿನ್ನಿನದೇ. ಆದರೆ ಇದರ ಹೀಟರು ಇಡಿಯಾಗಿ ೬.೩ ವೋಲ್ಟಿನದು, ಒಂಬತ್ತನೆಯ ಪಿನ್ನು ಹೀಟರಿನ ಮಧ್ಯವಲ್ಲ, ಎರಡು ಟ್ರಯೋಡುಗಳ ನಡುವಣ ತಡಿಕೆ. ತಂತಿಗಳನ್ನು ಬದಲಾಯಿಸದೆ ಇಟ್ಟರೆ ಒಂದು ಜೋಡಣೆಯಲ್ಲಿ ಅದು ಕಾಯುವುದೇ ಇಲ್ಲ, ಇನ್ನೊಂದರಲ್ಲಿ ೧೨.೬ ವೋಲ್ಟು ಬಿದ್ದು ಹೀಟರು ಉರಿದುಹೋಗುವುದು. ಇ. ಸಿ. ಸಿ. ೮೮ರ ವಿಷಯವೂ ಹೀಗೆಯೇ. ಪಾಣಿನೀಯದಲ್ಲಿ ಆದೇಶವು ಸ್ಥಾನಿಯಂತೆ ವರ್ತಿಸುವುದೆಂದು ಹೇಳಿ, ವರ್ಣವನ್ನೇ ಆಶ್ರಯಿಸಿದ ವಿಧಿಗಳಲ್ಲಿ ಹಾಗಲ್ಲವೆಂದು ಕೂಡಲೇ ಬಿಗಿಮಾಡಿರುವುದುಂಟು. ಇಲ್ಲಿ ಪಿನ್ನುಗಳೇ ವರ್ಣಗಳು.

ಇ. ಎಲ್. ೩೪ರ ಕಥೆ ಇನ್ನೂ ಜಟಿಲವಾದುದು. ಫಿಲಿಪ್ಸಿನವರು ಹೊರತಂದ ಈ ನಳಿಕೆಗೆ ಅಮೆರಿಕಾದಲ್ಲಿ ೬ ಸಿ ಎ ೭ ಎಂಬ ಪರ್ಯಾಯನಾಮವಾಯಿತು. ಆದರೆ ಸಿಲ್ವೇನಿಯಾ ಕಂಪನಿಯು ೬ ಸಿ ಎ ೭ ಎಂದು ಮಾರಿದ ಅಗಲವಾದ ಬುರುಡೆಯ ನಳಿಕೆಯು ಪೆಂಟೋಡೇ ಅಲ್ಲ, ಪಟ್ಟೆಯ ಟೆಟ್ರೋಡು. ಹೆಸರು ಪರ್ಯಾಯ, ವಸ್ತು ಪ್ರತಿನಿಧಿ. ಇ. ಎಲ್. ೩೪ರ ಗೂಡಿನಲ್ಲಿ ಅದು ಚೆನ್ನಾಗಿ ನಡೆಯುವುದೆಂಬುದು ಬೇರೆ ಮಾತು. ಎರಡೂ ಒಂದೇ ಎಂದು ಹೇಳುವುದು ಮಾತ್ರ ಸಲ್ಲದು. ಇ. ಎಲ್. ೩೪ರಲ್ಲಿ ಮೂರನೆಯ ಜಾಲರಿಯು ಒಂದನೆಯ ಪಿನ್ನಿಗೆ ಪ್ರತ್ಯೇಕವಾಗಿ ಬಂದಿದೆ. ೬ ಎಲ್ ೬, ಕೆ. ಟಿ. ೬೬ಗಳಲ್ಲಿ ಆ ಪಿನ್ನಿಗೆ ಈ ಕೆಲಸವಿಲ್ಲ. ಆದುದರಿಂದ ಇ. ಎಲ್. ೩೪ಕ್ಕಾಗಿ ಕಟ್ಟಿದ ಗೂಡಿನಲ್ಲಿ ಟೆಟ್ರೋಡನ್ನು ಇಡುವುದಕ್ಕಿಂತ, ಟೆಟ್ರೋಡಿನ ಗೂಡಿನಲ್ಲಿ ಇ. ಎಲ್. ೩೪ನ್ನು ಇಡುವುದು ಹೆಚ್ಚು ಎಚ್ಚರವನ್ನು ಬೇಡುವುದು: ಒಂದನೆಯ ಪಿನ್ನನ್ನು ಎಂಟನೆಯದಕ್ಕೆ ಸೇರಿಸದಿದ್ದರೆ ಜಾಲರಿಯು ದಿಕ್ಕಿಲ್ಲದೆ ತೂಗಾಡುವುದು. ಹೀಟರಿನ ಹಸಿವೂ ಒಂದೇ ಅಲ್ಲ. ೬ ಎಲ್ ೬ ಜಿ. ಸಿ.ಗೆ ೦.೯ ಆಂಪಿಯರು, ಕೆ. ಟಿ. ೬೬ಕ್ಕೆ ೧.೨೭, ಇ. ಎಲ್. ೩೪ಕ್ಕೆ ೧.೫, ಕೆ. ಟಿ. ೮೮ಕ್ಕೆ ೧.೬. ನಾಲ್ಕು ೬ ಎಲ್ ೬ಗಳಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿನ ಮೇಲೆ ನಾಲ್ಕು ಇ. ಎಲ್. ೩೪ಗಳನ್ನು ಹೇರಿದರೆ ೨.೪ ಆಂಪಿಯರಿನ ಹೊಸ ಹೊರೆ ಬೀಳುವುದು. ಅದು ಮೊದಲ ದಿನ ಕಾಣಿಸದು.

ಇನ್ನೊಂದು ಅಂಶವನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಜಾಲರಿಯಿಂದ ನೆಲಕ್ಕೆ ಕಟ್ಟುವ ತಡೆಯು ಎಷ್ಟಿರಬಹುದೆಂಬುದಕ್ಕೆ ಪ್ರತಿಯೊಂದು ನಳಿಕೆಗೂ ಒಂದು ಮಿತಿಯುಂಟು. ಹೊರಗಿನಿಂದ ಬಯಾಸ್ ಕೊಡುವ ಜೋಡಣೆಯಲ್ಲಿ ಇ. ಎಲ್. ೩೪ಕ್ಕೆ ಐದು ಲಕ್ಷ ಓಮಿನವರೆಗೆ ಅನುಮತಿಯಿದೆ. ೬೫೫೦ಕ್ಕೆ ಐವತ್ತು ಸಾವಿರ ಮಾತ್ರ. ಬಲವಾದ ನಳಿಕೆಯ ಜಾಲರಿಯು ಕಾದು ಅಲ್ಪಪ್ರವಾಹವನ್ನು ಸೋರಿಸುವುದು. ಆ ಪ್ರವಾಹವು ದೊಡ್ಡ ತಡೆಯಲ್ಲಿ ಹರಿದು ಬಯಾಸನ್ನು ಕುಗ್ಗಿಸುವುದು. ಬಯಾಸು ಕುಗ್ಗಿದರೆ ನಳಿಕೆ ಇನ್ನೂ ಕಾಯುವುದು. ಹೀಗೆ ಒಂದಕ್ಕೊಂದು ಇಂಬಾಗಿ ಕೊನೆಗೆ ಆನೋಡು ಕೆಂಪೇರುವುದು. ೬೫೫೦ ಹೆಚ್ಚು ಬಲವುಳ್ಳದಾದುದರಿಂದ ಇ. ಎಲ್. ೩೪ರ ಸ್ಥಾನದಲ್ಲಿ ಹೆಚ್ಚು ಕ್ಷೇಮವೆಂಬ ಲೋಕೋಕ್ತಿಯು ಈ ಕಾರಣದಿಂದ ನಿಲ್ಲುವುದಿಲ್ಲ.

ರೆಕ್ಟಿಫೈಯರುಗಳಲ್ಲಿ ಮೇಲೆ ಹೇಳಿದ ಉದ್ದಿನ ನ್ಯಾಯಕ್ಕೆ ಸರಿಯಾದ ದೃಷ್ಟಾಂತವಿದೆ. ಜಿ. ಝಡ್. ೩೪ಕ್ಕೂ ೫ ಯು ೪ಕ್ಕೂ ಪೀಠವೊಂದೇ, ಹೀಟರಿನ ವೋಲ್ಟು ಐದೇ, ಮಾಡುವ ಕೆಲಸವೂ ಒಂದೇ. ಆದರೆ ಮೊದಲನೆಯದು ೧.೯ ಆಂಪಿಯರನ್ನು ಬೇಡುವುದು, ಎರಡನೆಯದು ೩ ಆಂಪಿಯರನ್ನು. ಮೊದಲನೆಯದು ನಿಧಾನವಾಗಿ ಕಾಯುವುದಾದುದರಿಂದ ಉಳಿದ ನಳಿಕೆಗಳು ಸಿದ್ಧವಾಗುವ ಹೊತ್ತಿಗೆ ಎತ್ತರದ ವೋಲ್ಟನ್ನು ಬಿಡುವುದು. ಎರಡನೆಯದು ಕೂಡಲೇ ಬಿಡುವುದು. ೨೨೫ ಮಿಲಿ ಆಂಪಿಯರು ಹರಿಯುವಾಗ ಮೊದಲನೆಯದರಲ್ಲಿ ಕಳೆಯುವುದು ಸುಮಾರು ೧೭ ವೋಲ್ಟು, ಎರಡನೆಯದರಲ್ಲಿ ಸುಮಾರು ೪೪. ಸ್ಟೀರಿಯೋ ೭೦ರಂಥ ಯಂತ್ರದಲ್ಲಿ ೫ ಯು ೪ನ್ನು ನಿಷಿದ್ಧವೆಂದೇ ತಿಳಿಯತಕ್ಕುದು.

ಅದೇ ಯಂತ್ರದ ೭೧೯೯ ಹೆಚ್ಚು ಕ್ಲೇಶಕ್ಕೆ ಕಾರಣವಾದುದು. ಟ್ರಯೋಡು ಪೆಂಟೋಡುಗಳನ್ನು ಒಂದೇ ಬುರುಡೆಯಲ್ಲಿಟ್ಟು, ಗುಂಯ್‌ಗುಡುವಿಕೆ ಕಡಮೆಯಿರುವಂತೆ ಧ್ವನಿಯಂತ್ರಗಳಿಗೆಂದೇ ಮಾಡಿದ ನಳಿಕೆಯಿದು. ತಯಾರಿಕೆ ನಿಂತ ಮೇಲೆ ಟೆಲಿವಿಷನ್ನಿಗಾಗಿ ಕೋಟಿಗಟ್ಟಲೆ ಮಾಡಿದ್ದ ೬ ಯು ೮ ಎ, ೬ ಜಿ ಎಚ್ ೮ ಎ ಎಂಬುವನ್ನು ಜನರು ಹಿಡಿದರು. ಇವುಗಳ ಗುಣ ಸಮೀಪ, ಪಿನ್ನುಗಳ ಕ್ರಮ ಬೇರೆ. ಆದುದರಿಂದ ನಡುವೆ ಒಂದು ಅಡಾಪ್ಟರನ್ನು ಇಡುವುದು ರೂಢಿಯಾಯಿತು. ಮುಂದೆ ರಷ್ಯಾದಲ್ಲಿ ೭೧೯೯ ಎಂಬ ಹೆಸರಿನಿಂದಲೇ ಹೊಸ ನಳಿಕೆ ತಯಾರಾಗಿ ಬಂದಿತು. ಅಡಾಪ್ಟರಿಗೆ ಒಗ್ಗಿದವರು ಆಗಲೂ ಪ್ರತಿನಿಧಿಯನ್ನೇ ಮೂಲವೆಂದು ಭಾವಿಸಿ ಅದಕ್ಕೆ ಹೋಲುವ ಮೂರನೆಯದನ್ನು ಹುಡುಕಿದುದುಂಟು.

ಸರಿಯಾದ ಹೆಸರಿನ, ಸರಿಯಾದ ಕುಲದ ನಳಿಕೆ ದೊರೆತರೂ ಕೆಲಸ ಮುಗಿಯಲಿಲ್ಲ. ಸ್ಟೀರಿಯೋ ೭೦ರಲ್ಲಿ ಒಂದು ಪಕ್ಕದ ಎರಡು ಇ. ಎಲ್. ೩೪ಗಳ ಪ್ರವಾಹವು ಕೂಡಿ ೧೫.೬ ಓಮಿನ ಒಂದೇ ತಡೆಯ ಮೂಲಕ ಹರಿಯುವುದು. ಅದರ ಮೇಲೆ ೧.೫೬ ವೋಲ್ಟು ಬರುವಂತೆ ಬಯಾಸನ್ನು ತಿರುಗಿಸಬೇಕೆಂದು ವಿಧಿ. ಎಂದರೆ ಒಟ್ಟು ೧೦೦ ಮಿಲಿ ಆಂಪಿಯರು, ಒಂದೊಂದಕ್ಕೆ ೫೦. ಆದರೆ ಒಂದು ೭೦ನ್ನೂ ಇನ್ನೊಂದು ೩೦ನ್ನೂ ಹೊತ್ತರೂ ಮೀಟರು ೧.೫೬ನ್ನೇ ತೋರಿಸುವುದು. ಆನೋಡಿನಲ್ಲಿ ಸುಮಾರು ೪೧೫ ವೋಲ್ಟಿರುವುದರಿಂದ ೫೦ಕ್ಕೆ ೨೧ ವ್ಯಾಟಾದರೆ ೭೦ಕ್ಕೆ ೨೯ ವ್ಯಾಟಾಗುವುದು, ಇ. ಎಲ್. ೩೪ ತಾಳತಕ್ಕುದು ೨೫. ಮೊತ್ತ ಸರಿಯಾಗಿದ್ದ ಮಾತ್ರಕ್ಕೆ ಭಾಗಗಳು ಸರಿಯೆನ್ನಲಾಗದು. ಇದಕ್ಕಾಗಿಯೇ ಸಮಾನಪ್ರವಾಹದ ಜೋಡಿಗಳನ್ನು ಆರಿಸಿ ಮಾರುವ ಪದ್ಧತಿ ಬಂದಿರುವುದು. ಕ್ವಾಡ್ ೨ರಲ್ಲಿ ಕ್ಯಾಥೋಡಿನ ತಡೆಯಿಂದ ಬಯಾಸು ತಾನಾಗಿ ಏರ್ಪಡುವುದು, ತಿರುಗಿಸುವುದೇನೂ ಇಲ್ಲ. ಆದರೂ ತಡೆಯು ಎರಡಕ್ಕೂ ಒಂದೇ ಆದುದರಿಂದ ಜೋಡಿಯ ಸಮತೆ ಅಲ್ಲಿಯೂ ಬೇಕು.

ಹಳೆಯ ಕಾರ್ಖಾನೆಗಳ ಬಳಸದೆ ಉಳಿದ ಸರಕನ್ನೇ ಕೊಳ್ಳಬೇಕೆನ್ನುವ ಪಕ್ಷವೊಂದುಂಟು. ಇವರಿಗೆ ಬೇಕಾದುದು ಶಾಸನಪರೀಕ್ಷೆಯಂಥ ವಿದ್ಯೆ. ಬುರುಡೆಯ ಮೇಲೆ ಬಣ್ಣದಲ್ಲಿ ಅಚ್ಚಾದ ಕಂಪನಿಯ ಹೆಸರು ಪ್ರಮಾಣವಲ್ಲ. ಒಬ್ಬರು ಮಾಡಿದುದನ್ನು ಇನ್ನೊಬ್ಬರು ಕೊಂಡು ತಮ್ಮ ಹೆಸರನ್ನು ಒತ್ತುವುದು ಆ ಕಾಲದಲ್ಲಿಯೇ ಧಾರಾಳವಾಗಿದ್ದಿತು. ಪ್ರಮಾಣವಾಗತಕ್ಕುದು ಗಾಜಿನ ಕೆಳಭಾಗದಲ್ಲಿ ಸಣ್ಣದಾಗಿ ಗುರುತಿಸಿದ ಸಂಕೇತ. ಉದಾಹರಣೆಗೆ ಮುಲ್ಲಾರ್ಡಿನ ಇ. ಸಿ. ಸಿ. ೮೩ರಲ್ಲಿ ಒಂದು ಸಾಲಿನಲ್ಲಿ 'ಐ ೬೩' ಎಂದೂ ಕೆಳಗೆ 'ಬಿ ೫ ಜೆ ೨' ಎಂದೂ ಇರಬಹುದು. ಮೇಲಿನದು ಜಾತಿಯನ್ನೂ ಪರಿಷ್ಕರಣವನ್ನೂ ಹೇಳುವುದು. ಕೆಳಗಿನದರಲ್ಲಿ 'ಬಿ' ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, ೫ ವರ್ಷದ ಕೊನೆಯಂಕೆ, 'ಜೆ' ಹತ್ತನೆಯ ತಿಂಗಳು, ೨ ಎರಡನೆಯ ವಾರ. ವಾರವನ್ನೂ ಹೇಳಿ ದಶಕವನ್ನು ಹೇಳದೆ ಬಿಟ್ಟಿರುವರು. ೧೯೬೫ರ ಅಕ್ಟೋಬರೋ ೧೯೭೫ರದೋ? ಶಕವರ್ಷವಿಲ್ಲದೆ ಬರಿಯ ಸಂವತ್ಸರದ ಹೆಸರುಳ್ಳ ಶಾಸನವು ಅರುವತ್ತು ವರ್ಷಗಳ ಸಂದೇಹಕ್ಕೆ ಎಡೆಗೊಡುವಂತೆ ಇದು ಹತ್ತು ವರ್ಷಗಳ ಸಂದೇಹಕ್ಕೆ ಎಡೆಗೊಡುವುದು. ಅಲ್ಲಿ ಲಿಪಿಯ ಸ್ವರೂಪದಿಂದ ನಿರ್ಣಯಿಸುವಂತೆ ಇಲ್ಲಿ ಆನೋಡಿನ ಉದ್ದ, ಗೆಟರಿನ ಉಂಗುರದ ಆಕಾರ, ಪರಿಷ್ಕರಣದ ಅಂಕೆ ಇವುಗಳಿಂದ ನಿರ್ಣಯಿಸಬೇಕು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ಸಂದೇಹಿಸಿದುದಕ್ಕೆ ಲಿಪಿಕಾಲಗಳ ವಿರೋಧವೂ ಕಾರಣವಾಗಿದ್ದಿತಷ್ಟೆ. ಹಳೆಯ ಮುದ್ರೆಯೊತ್ತಿದ ಹೊಸ ವಾಲ್ವುಗಳನ್ನು ಹಿಡಿಯುವುದೂ ಇದೇ ವಿರೋಧದಿಂದ. ನಳಿಕೆಯ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಗೆಟರಿನ ಲೇಪವು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆಯೆಂದರ್ಥ. ಅಂಥದಕ್ಕೆ ಎಷ್ಟು ಪ್ರಾಚೀನತೆಯಿದ್ದರೇನು!

ಈಗ ತಯಾರಾಗುವುವು ಮುಖ್ಯವಾಗಿ ರಷ್ಯಾದ ಸರಾತೋವ್, ಸ್ಲೊವಾಕಿಯಾದ ಚಾಡ್ಸಾ, ಮತ್ತು ಚೀನಾದೇಶ ಇವುಗಳಲ್ಲಿ. ಮಾರ್ಕೋನಿ-ಆಸ್ರಮ್ ಕಂಪನಿಯ ಹ್ಯಾಮರ್‌ಸ್ಮಿತ್ ಕಾರ್ಖಾನೆ ೧೯೮೮ರಲ್ಲಿ ಮುಚ್ಚಿತು, ಅದರ ಕೆ. ಟಿ. ೮೮ಕ್ಕೆ ಪ್ರಸಿದ್ಧಿ ತಂದ 'ಗೋಲ್ಡ್ ಲಯನ್' ಎಂಬ ಅಂಕಿತವೂ, 'ಮುಲ್ಲಾರ್ಡ್', 'ಟಂಗ್-ಸಾಲ್' ಎಂಬ ಹೆಸರುಗಳೂ ಇಂದು ಸರಾತೋವಿನಲ್ಲಿ ತಯಾರಾದ ನಳಿಕೆಗಳ ಮೇಲೆ ಕಾಣುವುವು. ಹೆಸರನ್ನು ನ್ಯಾಯವಾಗಿ ಕೊಂಡಿರುವರಾದುದರಿಂದ ಇದು ಕೂಟವಲ್ಲ. ವಂಶವು ಮುಂದುವರಿದಿದೆಯೆಂದು ನಂಬಿದರೆ ಮಾತ್ರ ಭ್ರಾಂತಿ. ಇವುಗಳಲ್ಲಿ ಒಳ್ಳೆಯವು ಇರುವುವೆಂಬುದೂ ನಿಜ. ಅವನ್ನು ಸರಾತೋವಿನ ನಳಿಕೆಗಳೆಂದೇ ತಿಳಿದು ಅಳೆಯಬೇಕು. ರಷ್ಯಾದವರ ೬ ಪಿ ೩ ಎಸ್-ಇ ಎಂಬ ಸ್ವಂತ ನಳಿಕೆಯು ೫೮೮೧ ಎಂಬ ಅಮೆರಿಕಾದ ರೂಢನಾಮವನ್ನು ಧರಿಸಿ ಬಹುಕಾಲ ಮಾರಾಟವಾಯಿತು. ೬ ಪಿ ೧೫ ಪಿ ಎಂಬುದನ್ನು ಕೆಲವರು ಇ. ಎಲ್.೮೪ರ ಗೂಡಿಗೆ ತುರುಕಿದರು, ಅದರ ಎರಡನೆಯ ಜಾಲರಿಯು ಅಷ್ಟು ವೋಲ್ಟನ್ನು ತಾಳಲಾರದೆಂಬುದನ್ನು ನೋಡಲಿಲ್ಲ. ಸಿ. ವಿ. ೧೮೧ರ ಗತಿ ಇನ್ನೂ ವಿಚಿತ್ರ. ಮೂಲದಲ್ಲಿ ಅದು ಇ. ಸಿ. ಸಿ. ೩೨, ಹೀಟರಿಗೆ ೦.೯೫ ಆಂಪಿಯರು ಬೇಕು. ಈಗ ಚೀನಾದಿಂದ ಆ ಹೆಸರಿನಲ್ಲಿ ಬರುವುದು ೦.೬ ಆಂಪಿಯರಿನ ೬ ಎಸ್ ಎನ್ ೭ರ ಜಾತಿಯದು. ಹೆಸರನ್ನು ನಂಬಿ ಹೊಸದರ ಬದಲು ಹಳೆಯದನ್ನಿಟ್ಟವನ ಟ್ರಾನ್ಸ್‌ಫಾರ್ಮರು ಕಾಯುವುದು. ೨೦೨೨ರ ಮಾರ್ಚಿಯಲ್ಲಿ ರಷ್ಯಾಸರ್ಕಾರವು ರಫ್ತನ್ನು ತಡೆದಾಗ ಕೆಲಕಾಲ ಎಲ್ಲೆಲ್ಲಿಯೂ ಬೆಲೆ ಏರಿ, ಇಂಥ ಅರೆಸಾದೃಶ್ಯದ ನಳಿಕೆಗಳಿಗೂ ಗಿರಾಕಿ ಹೆಚ್ಚಿದರು.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ಜಾತಿಯ ವಸ್ತುಗಳೂ ಅಲ್ಲಿ ಆರಂಭವಾದುವು. ವಾಲ್ವನ್ನು ನೂಕಲಿದ್ದ ದಾಯಾದಿ ಅದೇ ಮನೆಯಲ್ಲಿ ಒಂದೇ ವರ್ಷದ ಅಂತರದಲ್ಲಿ ಹುಟ್ಟಿತು. ಜಾಲಹಳ್ಳಿಯ ಇ. ಎಲ್. ೮೪, ಇ. ಸಿ. ಸಿ. ೮೩ ಮೊದಲಾದುವು ಯೂರೋಪಿನ ಯೌಗಿಕ ಹೆಸರುಗಳನ್ನೇ ಧರಿಸಿದ್ದುವು. ಆ ಕಾಲದಲ್ಲಿ ಇವು ರೇಡಿಯೋ ರಿಪೇರಿಯ ಅಂಗಡಿಗಳ ದಿನಬಳಕೆಯ ಸರಕು. ಈಗ ಹಳೆಯ ಅಂಗಡಿಗಳ ಅಟ್ಟದಲ್ಲಿ ಉಳಿದ ಪೆಟ್ಟಿಗೆಗಳನ್ನು ಹೊರದೇಶದವರು ವಿಚಾರಿಸಿ ಕೊಳ್ಳುತ್ತಿರುವರು. ಕೊಳ್ಳುವ ಮೊದಲು ಇವಕ್ಕೂ ಮೇಲಿನ ಪರೀಕ್ಷೆಗಳೇ ಸಲ್ಲುವುವು: ಗೆಟರಿನ ಬಣ್ಣ, ಪಿನ್ನುಗಳ ನೇರ, ಮತ್ತು ಜೋಡಿಯಾಗಿ ಬೇಕಾದಲ್ಲಿ ಒಂದೊಂದರ ಪ್ರವಾಹವನ್ನು ಬೇರೆಬೇರೆಯಾಗಿ ಅಳೆದ ಲೆಕ್ಕ.